ಹಳೇ ಟೂರಿಂಗ್ ಸೈಕಲ್‌ಗೆ ಯಾವ ಹಬ್ (ಹಿಂದಿನ ಚಕ್ರದ ನಡುಭಾಗ) ಹಾಕಿಸಲಿ? ಸಹಾಯ ಬೇಕು

ನಮಸ್ಕಾರ, ನಾನು ಶಿವಮೊಗ್ಗದವನು. ಮಾವ ಕೊಟ್ಟ 1980ರ ದಶಕದ ಸ್ಟೀಲ್ ಸೈಕಲ್ ಇದೆ. ಹೋದ ಮಳೆಗಾಲ ಆಗುಂಬೆ ಘಾಟಿಯಲ್ಲಿ ಹಿಂದಿನ ಆಕ್ಸಲ್ ಮುರಿಯಿತು. ಬಿಚ್ಚಿ ನೋಡಿದರೆ ಗ್ರೀಸ್ ಬದಲು ಬರೀ ಕೆಸರು!

ಈಗಿರುವುದು ಫ್ರೀವೀಲ್ ಹಬ್, ಅಂದರೆ ಹಲ್ಲುಚಕ್ರಗಳ ಗುಂಪನ್ನು ತಿರುಗಿಸಿ ಕೂರಿಸುವ ಹಳೇ ಬಗೆ. ಅದರಲ್ಲಿ ಬಲಗಡೆ ಬೇರಿಂಗ್ ಆಕ್ಸಲ್ ತುದಿಯಿಂದ ದೂರ, ಒಳಗೆ ಇರುವುದರಿಂದ ಆಕ್ಸಲ್‌ಗೆ ಪೆಟ್ಟು ಜಾಸ್ತಿ. ಹಾಗಾಗಿ ಈ ಸಲ ಬಲ ಬೇರಿಂಗ್ ತುದಿಯ ಹತ್ತಿರ ಇರುವ ಕ್ಯಾಸೆಟ್ ಹಬ್. ಆದರೆ ಫ್ರೇಮಿನಲ್ಲಿ ಹಬ್ ಕೂರುವ ಹಿಂಬದಿ ಅಗಲ 126 ಮಿ.ಮೀ. ಈಗ ಸಿಗುವುದು ಹೆಚ್ಚಾಗಿ 130, 135. ಸ್ಟೀಲ್ ಅಲ್ವಾ, 130ಕ್ಕೆ ಹಿಗ್ಗಿಸಬಹುದು. 135ಕ್ಕೆ ನನಗೆ ಧೈರ್ಯವಿಲ್ಲ. ರಿಮ್ 36 ಕಡ್ಡಿ ತೂತಿನದು, ಹಬ್ಬಿನಲ್ಲೂ ಅಷ್ಟೇ ಇರಬೇಕು; ಲಗೇಜ್ ಹೇರುವುದರಿಂದ ಅದನ್ನು ಬದಲಿಸುವುದಿಲ್ಲ.

ಬೇರಿಂಗ್‌ನಲ್ಲಿ ಬಿಡಿ ಬಾಲ್ಸ್ ಇರುವ ಶಿಮಾನೋ ಹಬ್ ಆದರೆ ಮನೆಯಲ್ಲೇ ಬಿಚ್ಚಿ ಗ್ರೀಸ್ ಹಾಕಬಹುದು. ಸೀಲ್ಡ್ (ಮುಚ್ಚಿದ) ಬೇರಿಂಗ್ ನಮ್ಮ ಮಳೆಗೆ ತಡೆಯುತ್ತದೆಯೇ? ತೀರ್ಥಹಳ್ಳಿ, ಹೊಸನಗರ ಕಡೆ ಮಳೆಯಲ್ಲೂ ಓಡಿಸುವವರು ಹೇಳಿ. 130ರಲ್ಲಿ 36 ತೂತಿನದು ಎಲ್ಲಾದರೂ ಸಿಕ್ಕರೆ ದಯವಿಟ್ಟು ತಿಳಿಸಿ.