35 ಮಿ.ಮೀ. ಚಿತ್ರ ಸ್ಪಷ್ಟ, 120 ರೋಲಿನ ಚಿತ್ರ ಮಸುಕು: ಯಾಷಿಕಾ ಮ್ಯಾಟ್ 124ಜಿ ಬಗ್ಗೆ ಸಹಾಯ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 35 ಮಿ.ಮೀ. ಫಿಲ್ಮಿನ ನಿಕಾನ್ ಎಫ್‌ಎಂ2 ಮತ್ತು 50 ಮಿ.ಮೀ. ಲೆನ್ಸಿನಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆಯುವ ನಾನು ಈಚೆಗೆ ಹಳೆಯ ಯಾಷಿಕಾ ಮ್ಯಾಟ್ 124ಜಿ (ಅಗಲವಾದ 120 ರೋಲ್ ಬಳಸುವ, ಮೇಲಿನ ಲೆನ್ಸಿನಿಂದ ನೋಡಿ ಕೆಳಗಿನದರಿಂದ ಚಿತ್ರ ತೆಗೆಯುವ ಜೋಡಿ ಲೆನ್ಸಿನ ಕ್ಯಾಮೆರಾ) ಒಂದನ್ನು ಕೊಂಡಿದ್ದೇನೆ. ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಶಿಲ್ಪಗಳನ್ನು, ನೆರಳು ಬಿದ್ದಿದ್ದ ಬದಿಯಲ್ಲಿ, ಸುಮಾರು ಎರಡು ಮೀಟರ್ ದೂರದಿಂದ ಎರಡೂ ಕ್ಯಾಮೆರಾಗಳಲ್ಲಿ ತೆಗೆದೆ. ಎರಡರಲ್ಲೂ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ಇತ್ತು, ಮತ್ತು ಎರಡರಲ್ಲೂ ಆಯಾ ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನೇ ಅನುಸರಿಸಿದೆ: ನಿಕಾನ್‌ನಲ್ಲಿ ಎಫ್/5.6 ಮತ್ತು 1/250 ಸೆಕೆಂಡ್, ಯಾಷಿಕಾದಲ್ಲಿ ಎಫ್/5.6 ಮತ್ತು 1/500 ಸೆಕೆಂಡ್. ನಿಕಾನ್ ಚಿತ್ರಗಳು ಚೆನ್ನಾಗಿ ಬಂದಿವೆ. ಯಾಷಿಕಾದ ನೆಗೆಟಿವ್‌ಗಳು ಮಾತ್ರ ತೆಳುವಾಗಿವೆ (ಕಪ್ಪು ಸಾಲದೆ ಪಾರದರ್ಶಕವಾಗಿವೆ), ಶಿಲ್ಪಗಳ ಮುಖ ಮಸುಕಾಗಿದೆ. ದೊಡ್ಡ ನೆಗೆಟಿವ್‌ನಿಂದ ಇನ್ನೂ ಉತ್ತಮ ಚಿತ್ರ ಬರಬೇಕಲ್ಲವೇ? ದೋಷ ಲೆನ್ಸಿನದೋ, ಡೆವಲಪ್ ಮಾಡಿದ ಲ್ಯಾಬಿನದೋ ತಿಳಿಯುತ್ತಿಲ್ಲ.

ಮೊದಲ ಉತ್ತರ

ನಮಸ್ಕಾರ. ನಿಮ್ಮಲ್ಲಿರುವುದು ಒಂದು ಸಮಸ್ಯೆಯಲ್ಲ, ಎರಡು. ಅವನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ತೆಳುವಾಗಿರುವುದರ ವಿಚಾರ. ಸ್ಕ್ಯಾನ್ ಬಿಟ್ಟು ನೆಗೆಟಿವನ್ನೇ ಬೆಳಕಿಗೆ ಹಿಡಿದು, ಅಂಚಿನಲ್ಲಿ ಮುದ್ರಿತವಾಗಿರುವ ಫಿಲ್ಮಿನ ಹೆಸರು ಮತ್ತು ಸಂಖ್ಯೆಗಳನ್ನು ಗಮನಿಸಿ. ಅವು ಕಾರ್ಖಾನೆಯಲ್ಲೇ ಬೆಳಕು ಕಂಡವು, ಆದ್ದರಿಂದ ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಆ ಅಕ್ಷರಗಳೂ ಮಂಕಾಗಿದ್ದರೆ ಡೆವಲಪಿಂಗ್ ಸಾಲದೆ ಹೋಗಿದೆ. ಅಕ್ಷರಗಳು ಗಾಢವಾಗಿದ್ದು ಚಿತ್ರದ ನೆರಳಿನ ಭಾಗಗಳು ಮಾತ್ರ ಖಾಲಿಯಾಗಿದ್ದರೆ ಫಿಲ್ಮಿಗೆ ಬಿದ್ದ ಬೆಳಕೇ ಕಡಿಮೆ. ನನ್ನ ಅನುಮಾನ ಎರಡನೆಯದರ ಮೇಲಿದೆ, ಏಕೆಂದರೆ ಅದೇ ಗೋಡೆ, ಅದೇ ಫಿಲ್ಮ್, ಅದೇ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ, ಎಫ್/5.6) ಇದ್ದೂ ನಿಮ್ಮ ಎರಡು ಮೀಟರ್‌ಗಳ ನಡುವೆ ಪೂರ್ತಿ ಒಂದು ಸ್ಟಾಪ್ ವ್ಯತ್ಯಾಸವಿದೆ, ಅಂದರೆ ಯಾಷಿಕಾದಲ್ಲಿ ಬಿದ್ದ ಬೆಳಕು ಅರ್ಧದಷ್ಟೇ. 124ಜಿಯ ಮೀಟರನ್ನು 1.35 ವೋಲ್ಟಿನ ಪಾದರಸದ ಬ್ಯಾಟರಿಗಾಗಿ ರೂಪಿಸಿದ್ದಾರೆ. ಅದು ಈಗ ಅಂಗಡಿಗಳಲ್ಲಿ ಸಿಗದ ಕಾರಣ ಹೆಚ್ಚಿನವರು ಅದೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಬ್ಯಾಟರಿ ಹಾಕುತ್ತಾರೆ. ವೋಲ್ಟೇಜ್ ಹೆಚ್ಚಾದಾಗ ಮುಳ್ಳು ಇಲ್ಲದ ಬೆಳಕನ್ನೂ ತೋರಿಸುತ್ತದೆ, ನಾವು ಷಟರ್ ವೇಗವನ್ನು ಅನಗತ್ಯವಾಗಿ ಏರಿಸುತ್ತೇವೆ. ಕಿವಿಯ ಶ್ರವಣ ಸಾಧನಕ್ಕೆ ಹಾಕುವ 675 ಸಂಖ್ಯೆಯ 1.4 ವೋಲ್ಟಿನ ಸೆಲ್ ಒಂದನ್ನು ಸಣ್ಣ ಉಂಗುರದೊಳಗೆ ಕೂರಿಸಿ ಬಳಸಬಹುದು. ಅದಕ್ಕಿಂತ ಸುಲಭವಾದದ್ದು, ಎಫ್‌ಎಂ2ದ ಮೀಟರಿನಲ್ಲೇ ಅಳೆದು ಆ ಅಂಕಿಗಳನ್ನು ಯಾಷಿಕಾಕ್ಕೆ ಹಾಕುವುದು. ಷಟರನ್ನು ಶಂಕಿಸಬೇಕಿಲ್ಲ: ಹಳೆಯ ಷಟರ್‌ಗಳು ಸಾಮಾನ್ಯವಾಗಿ ಎಣ್ಣೆ ಅಂಟಾಗಿ ನಿಧಾನವಾಗುತ್ತವೆ, ಆಗ ನೆಗೆಟಿವ್ ತೆಳುವಾಗುವ ಬದಲು ಗಾಢವಾಗುತ್ತದೆ.

ಇನ್ನು ಮಸುಕು. 1/500 ಸೆಕೆಂಡಿನಲ್ಲಿ ತೆಗೆದ ಚಿತ್ರಕ್ಕೆ ಕೈ ನಡುಕವನ್ನು ಕಾರಣವೆನ್ನುವುದು ಕಷ್ಟ. ನೆಗೆಟಿವ್ ದೊಡ್ಡದಾದಂತೆ ಅದೇ ನೋಟಕ್ಕೆ ಹೆಚ್ಚು ಫೋಕಲ್ ಲೆಂಗ್ತ್ (ಲೆನ್ಸಿನ ಮಿ.ಮೀ. ಅಂಕಿ) ಬೇಕಾಗುತ್ತದೆ, ಅದರೊಂದಿಗೆ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. ಎರಡು ಮೀಟರ್ ದೂರದಲ್ಲಿ, ಎಫ್/5.6ರಲ್ಲಿ, 35 ಮಿ.ಮೀ. ಕ್ಯಾಮೆರಾದ 50 ಮಿ.ಮೀ. ಲೆನ್ಸಿಗೆ ಸುಮಾರು 54 ಸೆಂ.ಮೀ. ಆಳ ಸಿಕ್ಕರೆ ನಿಮ್ಮ 80 ಮಿ.ಮೀ. ಲೆನ್ಸಿಗೆ ಸಿಗುವುದು ಸುಮಾರು 35 ಸೆಂ.ಮೀ.; 4×5 ಇಂಚಿನ ಹಾಳೆ ಫಿಲ್ಮಿನ ಮುಂದೆ 150 ಮಿ.ಮೀ. ಲೆನ್ಸಿಟ್ಟವರಿಗೆ ಸುಮಾರು 20 ಸೆಂ.ಮೀ. ಮಾತ್ರ. ಅವರು ಎಫ್/22ಕ್ಕೆ ಇಳಿದು ಟ್ರೈಪಾಡ್ ಹೂಡುವುದು ಇದಕ್ಕಾಗಿಯೇ. ಎಫ್‌ಎಂ2ದಲ್ಲಿ ಕ್ಷಮಿಸಲ್ಪಡುತ್ತಿದ್ದ ಫೋಕಸಿನ ಅಲ್ಪ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ನೀವು ಎಫ್/8 ಮತ್ತು 1/125 ಇಟ್ಟಿದ್ದರೆ ಬೆಳಕೂ ಸರಿಹೋಗಿ ಅರ್ಧ ಮೀಟರ್ ಆಳವೂ ದೊರೆಯುತ್ತಿತ್ತು.

50 ಮಿ.ಮೀ. ಲೆನ್ಸನ್ನು ಎಫ್‌ಎಂ2ದಿಂದ ಬಿಚ್ಚಿ ಭೂತಗನ್ನಡಿಯಾಗಿ ಹಿಡಿದು ನೆಗೆಟಿವನ್ನು ನೋಡಿ: ಮುಖದ ಹಿಂದಿನದೋ ಮುಂದಿನದೋ ಯಾವುದಾದರೂ ಭಾಗ ಸ್ಪಷ್ಟವಾಗಿದೆಯೇ?

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಫಿಲ್ಮನ್ನು ಒತ್ತಿ ಹಿಡಿಯುವ ಹಿಂಬದಿಯ ಫಲಕ 12 ಚಿತ್ರಗಳ ಸ್ಥಾನದಲ್ಲಿದೆಯೇ ಎಂದೂ ನೋಡಿಕೊಳ್ಳಿ. 24ರ ಸ್ಥಾನ ಬೆನ್ನಿಗೆ ಕಾಗದವಿಲ್ಲದ 220 ರೋಲಿಗೆ ಮೀಸಲು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲ ಕಳೆದ ಹಳೆಯ ಲೆನ್ಸುಗಳಲ್ಲಿ ಬೂಷ್ಟು ಸಾಮಾನ್ಯ, ಆದರೆ ಬೂಷ್ಟು ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆಯೇ ಹೊರತು ಮುಖವನ್ನಷ್ಟೇ ಅಲ್ಲ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅಂಚಿನ ಅಕ್ಷರಗಳು ಗಾಢವಾಗಿವೆ, ಕ್ಯಾಮೆರಾದಲ್ಲಿರುವುದು ಆಲ್ಕಲೈನ್ ಬ್ಯಾಟರಿಯೇ, ಫಲಕವೂ 12ರಲ್ಲೇ ಇದೆ. ನೆಗೆಟಿವ್‌ನಲ್ಲಿ ಶಿಲ್ಪದ ಮುಖ ಮಸುಕಾಗಿದ್ದರೂ ಹಿಂದಿನ ಗೋಡೆಯ ಕಲ್ಲಿನ ಸಂದುಗಳು ಸ್ಪಷ್ಟವಾಗಿವೆ. ಎಲ್ಲ ಚಿತ್ರಗಳಲ್ಲೂ ಹೀಗೆಯೇ. ಮೇಲಿನ ಗಾಜಿನಲ್ಲಿ ಭೂತಗನ್ನಡಿ ಎತ್ತಿಕೊಂಡು ಮುಖದ ಮೇಲೆಯೇ ಫೋಕಸ್ ಮಾಡಿದ್ದೆ.

ಮೊದಲ ಉತ್ತರದವರಿಂದ

ಎಲ್ಲ ಚಿತ್ರಗಳಲ್ಲೂ ಒಂದೇ ದಿಕ್ಕಿಗೆ ತಪ್ಪಿದ್ದರೆ, ನೋಡುವ ಲೆನ್ಸಿಗೂ ಚಿತ್ರ ತೆಗೆಯುವ ಲೆನ್ಸಿಗೂ ಹೊಂದಾಣಿಕೆ ಕೆಟ್ಟಿರಬಹುದು. ಹಿಂದೆ ಯಾರಾದರೂ ಶುಚಿಗೊಳಿಸಲು ಬಿಚ್ಚಿ ಸರಿಯಾಗಿ ಕೂರಿಸದಿದ್ದರೆ ಹೀಗಾಗುತ್ತದೆ. ಪರೀಕ್ಷೆ ಮನೆಯಲ್ಲೇ ಸಾಧ್ಯ. ರೋಲ್ ಇಲ್ಲದಾಗ ಹಿಂಬದಿ ತೆರೆದು, ಫಿಲ್ಮ್ ಕೂರುವ ಹಳಿಗಳ ಮೇಲೆ ಉಜ್ಜಿದ ಗಾಜಿನ ತುಂಡೊಂದನ್ನು ಅದರ ಒರಟು ಮೈ ಲೆನ್ಸಿನ ಕಡೆ ಇರುವಂತೆ ಇಡಿ. ಅಪರ್ಚರನ್ನು ಪೂರ್ತಿ ಎಫ್/3.5ಕ್ಕೆ ತೆರೆದು, ಷಟರನ್ನು ಬಿ ಸ್ಥಾನದಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಸ್ಥಾನ) ಕೇಬಲ್‌ನಿಂದ ತೆರೆದು ಹಿಡಿದು, ಎರಡು ಮೀಟರ್ ದೂರದ ಮುದ್ರಿತ ಹಾಳೆಯೊಂದನ್ನು ನೋಡಿ. ಮೇಲಿನ ಗಾಜಿನಲ್ಲೂ ಇಲ್ಲೂ ಅಕ್ಷರಗಳು ಒಟ್ಟಿಗೇ ಸ್ಪಷ್ಟವಾಗಬೇಕು.

ಪ್ರಶ್ನಿಸಿದವರಿಂದ

ಪರೀಕ್ಷಿಸಿದೆ. ಒಟ್ಟಿಗೇ ಆಗುತ್ತಿಲ್ಲ, ಗುಂಡಿಯನ್ನು ಇನ್ನಷ್ಟು ಹತ್ತಿರದ ದೂರಕ್ಕೆ ತಿರುಗಿಸಿದರೆ ಮಾತ್ರ ಹಿಂಬದಿಯ ಗಾಜಿನಲ್ಲಿ ಅಕ್ಷರಗಳು ತಿಳಿಯಾಗುತ್ತವೆ.

ಮೊದಲ ಉತ್ತರದವರಿಂದ

ಹಾಗಾದರೆ ಕಾರಣ ಸಿಕ್ಕಿತು. ಹಳೆಯ ಕ್ಯಾಮೆರಾ ಬಲ್ಲ ರಿಪೇರಿಯವರಲ್ಲಿ ಒಯ್ದು, ಮೊದಲು ಕೆಳಗಿನ ಲೆನ್ಸನ್ನು ಅನಂತ ದೂರಕ್ಕೆ ಸರಿಯಾಗಿದೆಯೇ ನೋಡಿ, ಅನಂತರವೇ ಮೇಲಿನದನ್ನು ಅದಕ್ಕೆ ಹೊಂದಿಸುವಂತೆ ತಿಳಿಸಿ. ಈ ಕ್ರಮ ತಿರುಗುಮುರುಗಾದರೆ ದೂರದ ಗುರುತುಗಳೂ ಸುಳ್ಳಾಗುತ್ತವೆ. ಹೊಂದಿಸಿದ ಮೇಲೆ ಇದೇ ಪರೀಕ್ಷೆಯನ್ನು ಅವರೆದುರೇ ಇನ್ನೊಮ್ಮೆ ಮಾಡಿ ನೋಡಿ, ಎರಡು ಮೀಟರಿಗೂ ದೂರದ ಕಟ್ಟಡಕ್ಕೂ.