ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು, ಕೈ ಮಾತ್ರ ಇನ್ನೂ ನೋಯುತ್ತಿದೆ: ಮೂಳೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಪುಣೆಯ ಕೋಥ್ರೂಡ್‌ನಿಂದ): ಡಾಕ್ಟರ್ ಸರ್, ನಮಸ್ಕಾರ. ನಮ್ಮ ಯಜಮಾನರು ಆರು ದಿನದ ಹಿಂದೆ ಸ್ಕೂಟರ್‌ನಿಂದ ಬಿದ್ದರು. ಅವತ್ತು ಈ ವರ್ಷದ ಮೊದಲ ಮಳೆ. ಕರ್ವೆ ರಸ್ತೆಯಲ್ಲಿ ಸಿಗ್ನಲ್ ಕೆಂಪಾಯಿತು ಅಂತ ಗಟ್ಟಿಯಾಗಿ ಬ್ರೇಕ್ ಹಿಡಿದಿದ್ದಾರೆ. ಜೀಬ್ರಾ ಪಟ್ಟಿ ಮೇಲೆ ಗಾಡಿ ಜಾರಿತು, ಬಲಗೈ ಊರಿ ಬಿದ್ದರು. ಹೆಲ್ಮೆಟ್ ಕೂಡ ನೆಲಕ್ಕೆ ಬಡಿದಿದೆ. ಎದ್ದು, ಬಟ್ಟೆ ಕೊಡವಿಕೊಂಡು ಸೀದಾ ಆಫೀಸಿಗೇ ಹೋದರು. ಸಂಜೆ ತೋರಿಸಿದಾಗ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಊತ ಇಳಿದಿದೆ, ಆದರೆ ಚಪಾತಿ ಮುರಿಯೋಕೂ ಆಗ್ತಿಲ್ಲ. ಅತ್ತೆಯವರು ಊರಿಗೆ ಬನ್ನಿ, ಎಣ್ಣೆ ಹಾಕಿ ತಿಕ್ಕಿಸಿ ಕಟ್ಟು ಹಾಕಿಸೋಣ ಅಂತಿದ್ದಾರೆ. ಹೋಗಬಹುದಾ? ಹೆಲ್ಮೆಟ್ ಮೇಲೆ ಒಂದು ಗೀರು ಬಿಟ್ಟರೆ ಬೇರೇನೂ ಇಲ್ಲ. ಅದನ್ನೇ ಹಾಕಿಕೊಳ್ಳಬಹುದಾ?

ಉತ್ತರ: ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಅವರಿಗೆ ಬಲಗೈ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ನಡುವೆ ಒಂದು ಸಣ್ಣ ಗುಳಿ ಕಾಣುತ್ತದೆ. ಅಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ನೋವಾದರೆ ನಾಳೆಯೇ ಮೂಳೆ ಡಾಕ್ಟರಿಗೆ ತೋರಿಸಿ.

ಆ ಗುಳಿಯ ಕೆಳಗೆ ಸ್ಕೇಫಾಯ್ಡ್ ಅಂತ ಗೋಡಂಬಿ ಆಕಾರದ ಪುಟ್ಟ ಮೂಳೆ ಇದೆ. ಕೈ ಊರಿ ಬಿದ್ದಾಗ ಮೈ ಭಾರವೆಲ್ಲ ಅದರ ಮೇಲೆ ಬರುತ್ತದೆ. ಅದರಲ್ಲಿ ಬಿಟ್ಟ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಂತ ಮೊದಲು ನೋಡಿದ ಡಾಕ್ಟರ್ ತಪ್ಪು ಮಾಡಿದರು ಅಂತಲ್ಲ. ಅನುಮಾನ ಇದ್ದರೆ ಪಟ್ಟಿ ಹಾಕಿ ಕೈಯನ್ನು ಅಲುಗಾಡದಂತೆ ಇಡುತ್ತೇವೆ. 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುತ್ತೇವೆ. ಬೇಗ ಗೊತ್ತಾಗಬೇಕಾದರೆ ಎಂಆರ್‌ಐ ಮಾಡಿಸಬಹುದು. ಈ ಮೂಳೆಗೆ ರಕ್ತ ಹೋಗುವ ದಾರಿ ಇಕ್ಕಟ್ಟು. ಸುಮ್ನೆ ಬಿಟ್ಟರೆ ಕೂಡದೇ ಉಳಿಯಬಹುದು, ವರ್ಷಗಳ ಮೇಲೆ ಮಣಿಕಟ್ಟೇ ಸವೆದುಹೋಗಬಹುದು.

ಅದಕ್ಕೇ ತಿಕ್ಕಿಸಬೇಡಿ. ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಆದರೆ ಬಿರುಕು ಬಿಟ್ಟ ಮೂಳೆಯನ್ನು ತಿಕ್ಕಿದರೆ ಅದು ಅಲುಗುತ್ತದೆ. ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ಬೆರಳಿಗೆ ರಕ್ತ ನಿಂತುಹೋದ ಮಕ್ಕಳನ್ನು ನಾನು ನೋಡಿದ್ದೇನೆ. ಅತ್ತೆಯವರಿಗೆ ನನ್ನ ಹೆಸರು ಹೇಳಿಯೇ ಬೇಡ ಅನ್ನಿ.

ತಲೆಯ ವಿಷಯ. ಪೆಟ್ಟು ಬಿದ್ದ ಮೊದಲ ಎರಡು ದಿನ ತುಂಬಾ ಮುಖ್ಯ. ತಲೆಯೊಳಗೆ ರಕ್ತ ಸೋರುತ್ತಿದ್ದರೂ ಮನುಷ್ಯ ಎದ್ದು ಮಾತಾಡಿ, ಚಹಾ ಕುಡಿದು, ಕೆಲವು ಗಂಟೆ ಆದಮೇಲೆ ಪ್ರಜ್ಞೆ ತಪ್ಪಬಹುದು. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ನಿಮ್ಮವರು ಆ ಎರಡು ದಿನ ದಾಟಿದ್ದಾರೆ, ಸಮಾಧಾನ. ಆದರೆ ವಯಸ್ಸು 60 ದಾಟಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವಾರಗಳ ಮೇಲೂ ತೊಂದರೆ ಕಾಣಿಸಿಕೊಳ್ಳಬಹುದು. ಹಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಲ್ಮೆಟ್ ಬದಲಾಯಿಸಿ. ಗೀರು ಹೊರಗೆ ಕಾಣುತ್ತದೆ, ನಿಜವಾದ ಪೆಟ್ಟು ಒಳಗಿನ ಥರ್ಮೋಕೋಲ್ ತಿಂದಿರುತ್ತದೆ. ಅದು ಒಂದೇ ಸಲ ಅಮುಕಿಕೊಂಡು ತಲೆ ಉಳಿಸುವ ವಸ್ತು. ಹೊಸದರ ಮೇಲೆ ಐಎಸ್‌ಐ ಗುರುತು, ಐಎಸ್ 4151 (ಹೆಲ್ಮೆಟ್ ಗುಣಮಟ್ಟದ ಸಂಖ್ಯೆ) ಅಂತ ನೋಡಿ ತೆಗೆದುಕೊಳ್ಳಿ. ಪಟ್ಟಿ ಬಿಗಿದು, ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಆ ಅಳತೆ ನಿಮ್ಮದಲ್ಲ. 2019ರ ಜನವರಿಯಲ್ಲಿ ಪುಣೆಯಲ್ಲಿ ಹೆಲ್ಮೆಟ್ ನಿಯಮ ಬಿಗಿಯಾಗಿ ಜಾರಿಗೆ ಬಂದಾಗ ಅದರ ವಿರುದ್ಧ ಮೆರವಣಿಗೆಯೇ ಹೊರಟಿತ್ತು. ಅವತ್ತು ನನಗಾದ ಸಂಕಟ ಇನ್ನೂ ನೆನಪಿದೆ.

ಪ್ರಶ್ನೆ (ವಾರ್ಜೆಯಿಂದ): ಸರ್, ಮೊದಲ ಮಳೆಗೇ ಯಾಕೆ ಇಷ್ಟು ಜನ ಬೀಳುತ್ತಾರೆ? ನಾನು ಹೆದರಿಕೊಂಡು ಹಿಂದಿನ ಬ್ರೇಕ್ ಮಾತ್ರ ಹಿಡಿಯುತ್ತೇನೆ.

ಉತ್ತರ: ಬೇಸಿಗೆಯೆಲ್ಲ ರಸ್ತೆ ಮೇಲೆ ಎಣ್ಣೆ, ಧೂಳು, ಟೈರ್‌ನ ಪುಡಿ ಕೂತಿರುತ್ತದೆ. ಮೊದಲ ಮಳೆ ಅದನ್ನು ತೊಳೆಯುವುದಿಲ್ಲ, ಕಲಸುತ್ತದೆ. ಬಿಳಿ ಪಟ್ಟಿಯ ಬಣ್ಣ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ ಇನ್ನೂ ಜಾರು. ಬ್ರೇಕನ್ನು ಪಟ್ಟಿಗೆ ಬರುವ ಮೊದಲೇ, ಗಾಡಿ ನೆಟ್ಟಗಿರುವಾಗ ಹಿಡಿಯಬೇಕು.

ಹಿಂದಿನದು ಮಾತ್ರ ಹಿಡಿಯುವುದು ಸರಿಯಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಗಾಡಿಯನ್ನು ನಿಲ್ಲಿಸುವ ಕೆಲಸ ಜಾಸ್ತಿ ಮಾಡುವುದು ಮುಂದಿನ ಚಕ್ರವೇ. ಎರಡನ್ನೂ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗಿ. ಮನೆ ಹತ್ತಿರ ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. 40 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತೀರಿ. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಪ್ರಶ್ನೆ (ಹಡಪ್ಸರ್‌ನಿಂದ): ನನ್ನ ಏಳು ವರ್ಷದ ಮಗ ಅಣ್ಣನ ಸೈಕಲ್ ಕ್ಯಾರಿಯರ್ ಮೇಲೆ ಕೂತಿದ್ದ. ಪಾದ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಮೂಳೆಗೆ ಏನೂ ಆಗಿಲ್ಲ. ಆದರೆ ಮೂರು ದಿನದಿಂದ ಹಿಮ್ಮಡಿ ಚರ್ಮ ಕಪ್ಪಾಗುತ್ತಿದೆ.

ಉತ್ತರ: ಇವತ್ತೇ ತೋರಿಸಿ, ನಾಳೆಗೆ ಇಡಬೇಡಿ. ಕಡ್ಡಿ ಮತ್ತು ಫ್ರೇಮ್ ನಡುವೆ ಪಾದ ಹಿಂಡಿದಂತಾಗಿರುತ್ತದೆ. ಮೊದಲ ದಿನ ಚರ್ಮ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಸಾಯುತ್ತಾ ಬರುತ್ತದೆ. ಹಿಮ್ಮಡಿ ಹತ್ತಿರ ಚರ್ಮದ ಕೆಳಗೆ ಮಾಂಸ ಕಡಿಮೆ, ಸೋಂಕು ಸ್ನಾಯುರಜ್ಜಿನವರೆಗೂ ಹೋಗಬಹುದು. ಅರಿಶಿನ, ಕಾಫಿಪುಡಿ ಏನನ್ನೂ ಹಚ್ಚಬೇಡಿ. ಧನುರ್ವಾಯು ಇಂಜೆಕ್ಷನ್ ಆಗಿದೆಯಾ ಅಂತ ಕೇಳಿ.

ಮುಂದೆ ಸೈಕಲ್ ಚಕ್ರಕ್ಕೆ ಜಾಲರಿ, ಕಾಲಿಡಲು ಜಾಗ, ಮಗುವಿಗೆ ಬೂಟು ಇರಲಿ. ಹಾಗೇ ಸ್ಕೂಟರ್‌ನಲ್ಲಿ ಮುಂದೆ ನಿಂತ ಮಗುವಿನ ಬಗ್ಗೆಯೂ ಹೇಳಬೇಕು. ಎಂಜಿನ್ ಚಾಲೂ ಇಟ್ಟು ಅಂಗಡಿಯವರ ಜೊತೆ ಮಾತಾಡಬೇಡಿ, ಮಗು ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ. 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರನ್ನು ಕೂರಿಸಿದರೆ ಸುರಕ್ಷತಾ ಬೆಲ್ಟ್ ಕಟ್ಟಬೇಕು, ವೇಗ 40 ಕಿ.ಮೀ. ಮೀರಬಾರದು ಅಂತ 2022ರ ನಿಯಮವಿದೆ.

ಪ್ರಶ್ನೆ (ಧಾಯರಿಯಿಂದ): ನವಲೆ ಸೇತುವೆ ಹತ್ತಿರ ಒಬ್ಬರು ಬಿದ್ದಿದ್ದರು. ಪೊಲೀಸ್ ಕೇಸ್ ಅಂತ ಹೆದರಿ ಯಾರೂ ಮುಟ್ಟಲಿಲ್ಲ. ನಾನೂ ನಿಂತು ನೋಡಿದೆ. ಮನಸ್ಸಿಗೆ ಕಷ್ಟವಾಗಿದೆ.

ಉತ್ತರ: ಕಷ್ಟವಾಗಿದೆ ಅಂತ ಬರೆದಿದ್ದೀರಲ್ಲ, ಮುಂದಿನ ಸಲ ನೀವು ಖಂಡಿತ ಮುಂದೆ ಹೋಗುತ್ತೀರಿ. ಕಾನೂನು ನಿಮ್ಮ ಪರ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ ಅನ್ನುತ್ತದೆ. ಹೆಸರು ಹೇಳಲೇಬೇಕೆಂದು ಒತ್ತಾಯವೂ ಇಲ್ಲ.

ಆ ಸೇತುವೆಯ ಕಡೆಗೆ ಇಳಿಯುವ ಹೆದ್ದಾರಿ ಇಳಿಜಾರಿನಲ್ಲಿ ಕಾತ್ರಜ್ ಸುರಂಗದ ಕಡೆಯಿಂದ ಲಾರಿಗಳು ಬ್ರೇಕ್ ಹಿಡಿತ ತಪ್ಪಿ ಬರುತ್ತವೆ. ಹಾಗಾಗಿ ಮೊದಲು ಹಿಂದಿನ ವಾಹನಗಳನ್ನು ತಡೆಯಲು ಯಾರನ್ನಾದರೂ ನಿಲ್ಲಿಸಿ. 108ಕ್ಕೆ ಫೋನ್ ಮಾಡಿ. ರಕ್ತ ಬರುವ ಕಡೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಆಟೋದಲ್ಲಿ ಮಡಚಿ ತುಂಬುವುದಂತೂ ಬೇಡವೇ ಬೇಡ.

ಕೋಥ್ರೂಡ್‌ನಿಂದ, ಎಂಟು ದಿನದ ನಂತರ: ಸರ್, ನೀವು ಹೇಳಿದ ಗುಳಿಯಲ್ಲೇ ನೋವಿತ್ತು. ಮರುದಿನವೇ ಹೋಗಿ ಪಟ್ಟಿ ಹಾಕಿಸಿದೆವು. ಇವತ್ತಿನ ಎಕ್ಸ್‌ರೇಯಲ್ಲಿ ಸಣ್ಣ ಗೆರೆ ಕಂಡಿತು, ಪ್ಲಾಸ್ಟರ್ ಹಾಕಿದ್ದಾರೆ. ಅತ್ತೆಯವರೂ ಒಪ್ಪಿದರು. ಯಾವಾಗ ಸ್ಕೂಟರ್ ಓಡಿಸಬಹುದು ಅಂತ ಯಜಮಾನರು ದಿನಾ ಕೇಳುತ್ತಿದ್ದಾರೆ.

ಉತ್ತರ: ಒಳ್ಳೆಯದಾಯಿತು ಅಕ್ಕಾ, ಓದಿ ಖುಷಿಯಾಯಿತು. ಇದು ಕೂಡಲು 6ರಿಂದ 12 ವಾರ ಬೇಕಾಗಬಹುದು. ಪ್ಲಾಸ್ಟರ್ ಕೈಯಲ್ಲಿ ಒಂದು ದಿನವೂ ಓಡಿಸುವುದು ಬೇಡ. ಬಿಚ್ಚಿದ ಮೇಲೂ ಬಲಗೈಗೆ ಮುಂದಿನ ಬ್ರೇಕನ್ನು ಪೂರ್ತಿ ಹಿಂಡುವ ಶಕ್ತಿ ಬರುವವರೆಗೆ ಕಾಯಲಿ. ಇವತ್ತು ರಾತ್ರಿ ಮಲಗುವಾಗ ಕೈಯನ್ನು ದಿಂಬಿನ ಮೇಲೆ ಎತ್ತಿ ಇಡಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ತಡೆಯಲಾಗದಿದ್ದರೆ ಬೆಳಗಾಗುವವರೆಗೆ ಕಾಯದೆ ಹೊರಡಿ.