ವರ್ಷಗಟ್ಟಲೆ ಗಾಂಜಾ ಸೇದಿದವರಿಗೆ ಬಿಡದ ವಾಂತಿ: ಕಾರಣವೇನು?

ಪ್ರಶ್ನೆ
ವರ್ಷಗಟ್ಟಲೆ ದಿನಾ ಗಾಂಜಾ ಸೇದಿದ ಕೆಲವರಿಗೆ ಬೆಳಗ್ಗೆ ಎದ್ದ ಕೂಡಲೇ ವಾಕರಿಕೆ, ಆಗಾಗ ಎರಡು ಮೂರು ದಿನ ಒಂದೇ ಸಮನೆ ವಾಂತಿ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್. ಬಿಸಿನೀರು ಸುರಿದುಕೊಂಡಾಗ ಮಾತ್ರ ಹಾಯೆನಿಸುತ್ತದಂತೆ. ಗಾಂಜಾ ವಾಂತಿ ನಿಲ್ಲಿಸುತ್ತದೆ ಅಂತಾರಲ್ಲ, ಮತ್ತೆ ಹೀಗೇಕೆ?

ಉತ್ತರ 1
ಆ ಬಿಸಿನೀರೇ ದೊಡ್ಡ ಸುಳಿವು. ಇದಕ್ಕೆ ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಸಿಂಡ್ರೋಮ್ ಅಂತ ಹೆಸರು. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವಿವರಿಸಿದ್ದು. ಸ್ವಲ್ಪ ಟಿಎಚ್‌ಸಿ (ಗಾಂಜಾದಲ್ಲಿ ನಶೆ ಏರಿಸುವ ಅಂಶ) ವಾಕರಿಕೆ ತಗ್ಗಿಸುತ್ತದೆ, ನಿಜ. ಆದರೆ ಅದೇ ಟಿಎಚ್‌ಸಿ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ದಿನಾ ಸೇದಿದರೆ ಮೆದುಳಿನಲ್ಲಿ ಟಿಎಚ್‌ಸಿ ಅಂಟಿಕೊಳ್ಳುವ ಸಿಬಿ1 ಗ್ರಾಹಿಗಳೂ ಕಡಿಮೆಯಾಗುತ್ತವೆ. ವಾಂತಿಯ ಹತೋಟಿ ತಪ್ಪುವುದು ಇದರಿಂದಲೇ ಎನ್ನುವುದು ಈಗಿರುವ ವಿವರಣೆ. ವಾಕರಿಕೆಗೆ ಮದ್ದೆಂದು ಇನ್ನಷ್ಟು ಸೇದುವುದರಿಂದಲೇ ರೋಗ ಬಲಿಯುತ್ತದೆ.

ಹಾಗಂತ ಎಲ್ಲ ವಾಂತಿಯನ್ನೂ ಗಾಂಜಾದ ತಲೆಗೆ ಕಟ್ಟಬೇಡಿ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ, ಗರ್ಭಧಾರಣೆ ಇಲ್ಲವೆಂದು ಮೊದಲು ಖಚಿತವಾಗಬೇಕು.

ಉತ್ತರ 2
ಆಸ್ಪತ್ರೆಯಲ್ಲಿ ಗಾಂಜಾ ವಿಷಯ ದಯವಿಟ್ಟು ಮುಚ್ಚಿಡಬೇಡಿ. ವಾಂತಿಗೆ ಕೊಡುವ ಮಾಮೂಲಿ ಮದ್ದು ಆಂಡಾನ್‌ಸೆಟ್ರಾನ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ವಿಷಯ ಗೊತ್ತಿದ್ದರೆ ಇಸಿಜಿ ನೋಡಿಕೊಂಡು ಹ್ಯಾಲೊಪೆರಿಡಾಲ್ (ವಾಂತಿಯನ್ನೂ ತಡೆಯುವ ಮನೋರೋಗದ ಮದ್ದು) ಕೊಡಬಹುದು. ಹೊಟ್ಟೆಯ ಮೇಲೆ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಕ್ರೀಮ್ (0.025ರಿಂದ 0.1%) ಹಚ್ಚುವುದೂ ಉಂಟು, ಬಿಸಿನೀರು ಕೆಣಕುವ, ಬಿಸಿ ಗುರುತಿಸುವ ಟಿಆರ್‌ಪಿವಿ1 ಗ್ರಾಹಿಯನ್ನೇ ಇದೂ ಕೆಣಕುತ್ತದೆ. ಗ್ಲೌಸ್ ಹಾಕಿ ತೆಳುವಾಗಿ ಹಚ್ಚಿ, ಕಣ್ಣಿಗೆ ತಾಗಿಸಬೇಡಿ. ಕ್ರೀಮ್ ಇರುವಾಗ ಬಿಸಿನೀರು ಬಿದ್ದರೆ ಚರ್ಮ ವಿಪರೀತ ಉರಿಯುತ್ತದೆ.

ಒಆರ್‌ಎಸ್ ಗಟಗಟ ಕುಡಿದರೆ ಎಲ್ಲ ಹೊರಬರುತ್ತದೆ, ಐದೈದು ನಿಮಿಷಕ್ಕೆ ಒಂದೆರಡು ಚಮಚ ಸಾಕು. ಎಂಟು ಗಂಟೆ ಮೂತ್ರ ಬಾರದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಎದೆ ಡವಗುಟ್ಟಿ ಸ್ನಾಯು ಸೆಳೆತ ಬಂದರೆ ತಕ್ಷಣ ಡ್ರಿಪ್ ಬೇಕು. ಪೊಟ್ಯಾಸಿಯಂ ಕುಸಿದು ಹೃದಯಕ್ಕೂ, ನೀರಿಲ್ಲದೆ ಕಿಡ್ನಿಗೂ ಪೆಟ್ಟಾಗುತ್ತದೆ.

ಪ್ರಶ್ನೆ ಕೇಳಿದವರು
ಸೇದುವ ಬದಲು ತಿಂದರೆ? ಅಥವಾ ಕಡಿಮೆ ಮಾಡಿದರೆ?

ಉತ್ತರ 3
ತಿಂದರೂ ಟಿಎಚ್‌ಸಿ ಅದೇ. ಕೆಮ್ಮು, ಕಫ ಕಡಿಮೆಯಾದೀತು, ವಾಂತಿ ನಿಲ್ಲದು. ಪೂರ್ತಿ ಬಿಟ್ಟರಷ್ಟೇ ಗುಣ; ಟಿಎಚ್‌ಸಿ ಕೊಬ್ಬಿನಲ್ಲಿ ಉಳಿಯುವುದರಿಂದ ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮತ್ತೆ ಶುರುಮಾಡಿದರೆ ಸಾಮಾನ್ಯವಾಗಿ ಮರುಕಳಿಸುತ್ತದೆ.

ಬಿಟ್ಟ ಒಂದರಿಂದ ಮೂರು ದಿನದೊಳಗೆ ಸಿಡುಕು, ಬೆವರು, ನಿದ್ದೆಗೇಡು ಶುರುವಾಗಿ ಮೊದಲ ವಾರದಲ್ಲಿ ಜೋರಾಗಿರುತ್ತವೆ. ಬಹುಪಾಲು ಎರಡು ವಾರಕ್ಕೆ ಇಳಿಯುತ್ತವೆ, ನಿದ್ದೆ ಮಾತ್ರ ತಿಂಗಳು ದಾಟಿ ಕಾಡಬಹುದು. ತಂಬಾಕು ಬೆರೆಸಿ ಸೇದುತ್ತಿದ್ದವರಿಗೆ ನಿಕೋಟಿನ್ ಚಟವೂ ಜೊತೆಗೆ ಕೆರಳುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ಕೇಳಿ. ಈ ನಡುವೆ ಯಾರೋ ಮಾತಾಡಿದಂತೆ ಕೇಳಿಸಿದರೆ, ಎಲ್ಲರ ಮೇಲೂ ಅನುಮಾನ ಹುಟ್ಟಿದರೆ ಚಟ ಬಿಟ್ಟ ಸಂಕಟವೆಂದು ಕಾಯದೆ ಅಂದೇ ಮನೋವೈದ್ಯರ ಹತ್ತಿರ ಹೋಗಿ.